ಕಂಪ್ಯೂಟರಿನಿಂದ ಕಾಣೆಯಾದ ದೀಪಿಕಾ

ಕಂಪ್ಯೂಟರಿನಲ್ಲಿ ದೀಪಿಕಾ ಇರಲಿಲ್ಲ!

2007ರ ಬೇಸಿಗೆ. ವಿಶಾಖಪಟ್ಟಣದ ಕಾರ್ಖಾನೆ ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ಆಪರೇಟರ್ ಕಾಮೇಶ್ವರ ಮತ್ತೆ ಮತ್ತೆ ಹುಡುಕಿ ಕೈಚೆಲ್ಲಿದ. ಎಂಜಿನಿಯರ್ ಧನಂಜಯರ ಮುಖ ಬಿಳಿಚಿಕೊಂಡಿತು. ಬಾಲ್ಯದಲ್ಲಿ ಇದೇ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಗೆದ್ದಿದ್ದ ಮಗಳು ದೀಪಿಕಾ ಈಗ ವಿಜಯವಾಡದ ಸೊಸೆ, ಆರು ತಿಂಗಳ ಬಸುರಿ. ಸ್ವಲ್ಪ ನಡೆದರೂ ಏದುಸಿರು. ಅಂದು ಎಷ್ಟು ಔಷಧಿ ಕೊಟ್ಟಿದ್ದರು? ಆಗ ಹೃದಯ ಹೇಗಿತ್ತು? ಅದು ತಿಳಿಯದೆ ಅಲ್ಲಿನ ವೈದ್ಯರು ಮುಂದಿನ ಹೆಜ್ಜೆ ಇಡಲಾರರು. ಕಾಗದಗಳೋ, ಕಂಪ್ಯೂಟರಿಗೆ ಏರಿಸಿದ ಮೇಲೆ ಗೆದ್ದಲು ಹಿಡಿದವೆಂದು ಸುಟ್ಟಾಗಿತ್ತು.

"ಇವನೇ ಅಳಿಸಿದ್ದಾನೆ," ಎಂದರು ಧನಂಜಯ, ಕಾಮೇಶ್ವರನತ್ತ ಬೆರಳು ತೋರಿಸಿ.

ಅವರ ಜೊತೆಗೆ ಬಂದಿದ್ದವಳು ನೆರೆಮನೆಯ ಪಾರ್ವತಿ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಕಳ್ಳ ಖಾತೆಗಳ ಜಾಡು ಹಿಡಿಯುವುದೇ ಅವಳ ಕಸುಬು. ಯಾರಾದರೂ ಬೆರಳು ತೋರಿಸಿದರೆ ಅವಳಿಗೆ ಮೊದಲು ಆ ಬೆರಳಿನ ಮೇಲೇ ಅನುಮಾನ.

"ಬೀಗರಿಗೆ ಈ ಜಡ್ಡಿನ ವಿಷಯ ಗೊತ್ತೈತೇನ್ರಿ?"

"ಸಂಬಂಧ ಕುದುರೋಕೆ ಮುಂಚೆನೇ ಹೇಳಿದ್ವಿ. ಮುಚ್ಚಿಡೋದು ಯಾರಿಗೂ ಬೇಕಿರಲಿಲ್ಲ."

ಹಾಗಾದರೆ? ಪಾರ್ವತಿ ಕಾಮೇಶ್ವರನತ್ತ ತಿರುಗಿದಳು. "ಇವರ ಮನಿ ಮಂದಿದೆಲ್ಲಾ ತೋರಸ್ರಿ."

ದೀಪಿಕಾಳ ತಂದೆ, ತಾಯಿ, ತಮ್ಮ—ಎಲ್ಲರೂ ಇದ್ದರು. ತಮ್ಮನಿಗೆ ಹಾಕಿಸಿದ ಪೋಲಿಯೊ ಹನಿ ಕೂಡ.

"ಬ್ಯಾರೆ ಯಾರದರ ಹಿಂಗ ಕಾಣೆ ಆಗೈತೇನು?"

ಕಾಮೇಶ್ವರ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದ: "ಹೋದ ವಾರ ಇಲ್ಲಿನ ಇನ್ನೊಬ್ಬ ನೌಕರರ ಮಗಳು ಕನಕಲಕ್ಷ್ಮಿಗಾರು ಬಂದ್ರು ಮೇಡಂ. ಅವರದೂ ಇಲ್ಲ, ಅವರ ಅಣ್ಣಂದು ಇದೆ. ಅವರನ್ನ ಅನಕಾಪಲ್ಲಿಗೆ ಮದುವೆ ಮಾಡಿ ಕೊಟ್ಟಿದ್ದಾರೆ."

ಪಾರ್ವತಿ ನೆಟ್ಟಗೆ ಕೂತಳು. "ಧನಂಜಯ ಅವರ, ಮಗಳ ಮದುವಿ ಆದಮ್ಯಾಲೆ ಆಫೀಸಿಗೆ ಏನರ ಬರಕೊಟ್ರೇನು?"

"ನಿಯಮ ಇದೆಯಲ್ಲ. ಇನ್ನು ಅವಳು ನನ್ನ ಡಿಪೆಂಡೆಂಟ್ ಅಲ್ಲ, ಹೆಸರು ತೆಗೀರಿ ಅಂತ ಮರುದಿನವೇ ಕೊಟ್ಟೆ. ಕಂಪನಿಯ ಪುಕ್ಕಟೆ ಔಷಧಿ ನಮಗ್ಯಾಕೆ?"

"ಹಂಗಾದ್ರ ತಪ್ಪು ಮಾಡಿದವ್ರು ನೀವ."

"ನಾನಾ?" ಎಂದರು ಧನಂಜಯ.

"ಗಂಡುಮಕ್ಕಳದು ಐತಿ, ಲಗ್ನ ಆದ ಹೆಣ್ಣುಮಕ್ಕಳದಷ್ಟ ಇಲ್ಲ. ಕಳ್ಳ ಹಿಂಗ ಆರಿಸಿ ಕದಿಯೂದಿಲ್ಲ, ನಿಯಮ ಆರಸ್ತೈತಿ. ಹೆಸರಿನ ಬೆನ್ನ ಹಿಂದ ಆಕಿ ಜಡ್ಡಿನ ದಾಖಲೆನೂ ಹೋತು. ಆದ್ರ ಬ್ಯಾಂಕಿನ್ಯಾಗ ಖಾತೆ ಮುಚ್ಚಿದ್ರ ಹಳೇದು ಅಳಿಸಿ ಹೋಗೂದಿಲ್ಲ, ಇಲ್ಲೂ ಹಂಗ ಇರಬೇಕು. ಕಾಮೇಶ್ವರ, ಕೈಬಿಟ್ಟ ಹೆಸರುಗಳ ಪಟ್ಟಿ ತೋರಸ್ರಿ."

ತೆರೆಯ ಮೇಲೆ ದೀಪಿಕಾ ಬಂದಳು! ಔಷಧಿಯ ಪ್ರಮಾಣ, ಹೃದಯದ ಹಳೆಯ ಸ್ಕ್ಯಾನ್, ಒಂದೂ ಬಿಟ್ಟಿರಲಿಲ್ಲ. ಧನಂಜಯರು ಕಾಮೇಶ್ವರನ ಎರಡೂ ಕೈ ಹಿಡಿದು ಕ್ಷಮೆ ಕೇಳಿದರು. ಎಲ್ಲವೂ ಆಗಲೇ ಮೇಲ್‌ನಲ್ಲಿ ವಿಜಯವಾಡಕ್ಕೆ ಹೊರಟಿತ್ತು.

ಸಂಜೆಗೆ ವೈದ್ಯರ ಫೋನ್: ಹಳೆಯ ಸ್ಕ್ಯಾನಿನಲ್ಲಿ ಹೃದಯ ಚೆನ್ನಾಗಿತ್ತು, ಅದರ ನಿತ್ರಾಣ ಈಗಷ್ಟೇ ಶುರುವಾದದ್ದು. ಕ್ಯಾನ್ಸರಿಗೆ ಕೊಟ್ಟ ಆ ಹಳೇ ಔಷಧಿಯೇ ವರ್ಷಗಳ ಮೇಲೆ ಹೃದಯವನ್ನು ಸೊರಗಿಸಿದೆ; ಸಕಾಲಕ್ಕೆ ತಿಳಿಯಿತು, ಚಿಕಿತ್ಸೆ ಶುರು ಮಾಡಿದ್ದೇವೆ.

ಶ್ರಾವಣದಲ್ಲಿ ದೀಪಿಕಾಳೇ ಫೋನ್ ಮಾಡಿದಳು. ಹಿಂದೆ ಮಗುವಿನ ಅಳು ಜೋರಾಗಿತ್ತು. ಸಂತೋಷವಾದಾಗ ಅವಳ ಬಾಯಿಗೆ ತೆಲುಗೇ ಮೊದಲು ಬರುತ್ತಿತ್ತು.

"ಪಾಪ ಬಾಗುಂದಿ, ಅಪ್ಪ," ಎಂದಳು. "ಮಗಳು ಚೆನ್ನಾಗಿದಾಳೆ, ನಾನೂ ಚೆನ್ನಾಗಿದೀನಿ."