ಅಕ್ಕಿಹಿಟ್ಟಿನ ಕೋಟೆ

ಬಹಳ ಹಿಂದೆ, ಏಳು ಬೆಟ್ಟಗಳಾಚೆ ಸಿರಿಮಣಿಪುರವೆಂಬ ರಾಜ್ಯವಿತ್ತು. ಅಲ್ಲಿ ಮಲ್ಲಾಜಿ ಎಂಬ ಹುಡುಗಿ ಮನೆಗಳ ಗೋಡೆಗೆ ಚಿತ್ರ ಬರೆದು ತನ್ನ ಮತ್ತು ತಾಯಿಯ ಹೊಟ್ಟೆ ಹೊರೆಯುತ್ತಿದ್ದಳು. ಗೋಡೆಗೆ ಕೆಮ್ಮಣ್ಣು, ಗೆರೆಗೆ ಅಕ್ಕಿಹಿಟ್ಟು. ಒಂದು ವರ್ಷ ಧೂಮಾಕ್ಷನೆಂಬ ಮಾಂತ್ರಿಕ ರಾಜ್ಯದ ಕಾಳನ್ನೆಲ್ಲ ಒಂದೇ ಉಸಿರಿಗೆ ತನ್ನ ಗುಹೆಗೆ ಎಳೆದುಕೊಂಡ. ಊಟಕ್ಕೇ ಇಲ್ಲದ ಮೇಲೆ ಚಿತ್ರ ಬರೆಸುವವರು ಯಾರು?

ಮನೆಯಲ್ಲಿ ಉಳಿದದ್ದು ಒಂದು ಬೊಗಸೆ ಅಕ್ಕಿ. ಮಲ್ಲಾಜಿ ಅದನ್ನು ನೆನೆಹಾಕಿ ಅರೆಯತೊಡಗಿದಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ! ಗಂಜಿ ಕಾಯಿಸೋದು ಬಿಟ್ಟು ಬಣ್ಣ ಅರೀತೀಯಲ್ಲೇ?" ಎಂದು ತಾಯಿ ಗದರಿದಳು.

"ಗಂಜಿ ಕುಡಿದ್ರೆ ಇವತ್ತಿಗಾಯ್ತು, ನಾಳೆಗೇನವ್ವಾ? ಕತ್ತಿ ಹಿಡಿದು ಹೋದ ಸೈನಿಕರೆಲ್ಲ ಕಪ್ಪೆಯಾಗಿ ಬಂದ್ರು. ನನಗೆ ಬರೋದು ಇದೊಂದೇ. ಇದರಿಂದಲೇ ಕಾಳು ತರ್ತೀನಿ."

ಬಟ್ಟಲು ಹಿಡಿದು ಹೊರಟೇಬಿಟ್ಟಳು.

ಗುಹೆಯ ಮೊದಲ ಬಾಗಿಲಲ್ಲಿ ಬೆಂಕಿ ಉಗುಳುವ ಹುಲಿ. "ನನ್ನ ಗಂಟಲುರಿ ಆರಿಸು, ಇಲ್ಲವೇ ತಿನ್ನುತ್ತೇನೆ!" ಮಲ್ಲಾಜಿ ಬಂಡೆಯ ಮೇಲೊಂದು ಕೊಳ ಬರೆದಳು. ಮಾಯೆಯ ಗುಹೆಯಲ್ಲವೇ, ಬರೆದದ್ದು ನಿಜವಾಯಿತು. ಹುಲಿ ಗಟಗಟ ಕುಡಿದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಎರಡು ತಲೆಯ ಹದ್ದು. ತಲೆ ಎರಡು, ದಿಂಬು ಒಂದು. ನೂರು ವರ್ಷದಿಂದ ಅದಕ್ಕೇ ಜಗಳ. ಮಲ್ಲಾಜಿ ಇನ್ನೊಂದು ದಿಂಬು ಬರೆದಳು. ಎರಡೂ ತಲೆಗಳು ಗೊರಕೆ ಹೊಡೆದವು.

ಮೂರನೆಯ ಬಾಗಿಲಾಚೆ ಕಾಳಿನ ರಾಶಿಯ ಮೇಲೆ ಧೂಮಾಕ್ಷನೇ ಕೂತಿದ್ದ. ಕಳ್ಳರ ಭಯಕ್ಕೆ ಅವನಿಗೆ ನಿದ್ದೆಯೇ ಇರಲಿಲ್ಲ.

"ಚಿತ್ರಗಾರ್ತಿಯೋ? ನನ್ನ ಸುತ್ತ ಕೋಟೆ ಬರೆ. ಇರುವೆಯೂ ನುಸುಳಬಾರದು. ತಪ್ಪಿದರೆ ನೀನೂ ಕಪ್ಪೆ!"

"ಕೆಳಗಿಳಿದು ಬನ್ನಿ ಒಡೆಯಾ, ಕಾಳಿನ ಮೇಲೆ ಗೆರೆ ನಿಲ್ಲೋದಿಲ್ಲ."

ಅವನು ಇಳಿದು ನೆಲದಲ್ಲಿ ನಿಂತ. ಮಲ್ಲಾಜಿ ಸುತ್ತ ಗೆರೆ ಎಳೆದಳು. ಕೊನೆಗೆ ಬೆರಳಗಲ ಜಾಗ ಉಳಿಯಿತು.

"ಲಕ್ಷ್ಮಿ ಓಡಾಡಲಿ ಅಂತ ನಮ್ಮೋರು ಚಿತ್ರದ ಕೋಟೆಗೆ ಇಲ್ಲೊಂದು ಬಾಗಿಲು ಬಿಡ್ತಾರೆ. ಬಿಡಲಾ ಒಡೆಯಾ?"

"ಬಾಗಿಲೇ? ಕಳ್ಳರು ಬರಲಿ ಅಂತಲೇ? ಮುಚ್ಚು!"

ಹುಟ್ಟಿದಾಗಿನಿಂದ ಮಲ್ಲಾಜಿ ಒಂದು ಕೋಟೆಯನ್ನೂ ಹಾಗೆ ಮುಚ್ಚಿರಲಿಲ್ಲ. ಆದರೂ ಬಟ್ಟಲನ್ನು ಬೆರಳಿನಿಂದ ಬಳಿದು ಗೆರೆ ಕೂಡಿಸಿದಳು. ಬೆಳ್ಳನೆಯ ಗೋಡೆ ಗುಹೆಯ ಸೂರು ಮುಟ್ಟುವಂತೆ ಎದ್ದಿತು.

ಒಳಗಿಂದ ಕೂಗು ಕೇಳಿತು: "ಏ ಹುಡುಗೀ, ನಾನು ಹೊರಗೆ ಬರೋದು ಹೇಗೆ? ಬಾಗಿಲು ಬರೆ!"

"ಅಯ್ಯೋ ಒಡೆಯಾ, ಹಿಟ್ಟು ಮುಗಿದುಹೋಯ್ತಲ್ಲ!"

ಇರುವೆಯೂ ನುಸುಳದ ಆ ಗೋಡೆ ದಾಟಿ ಅವನ ಮಂತ್ರವೂ ಹೊರಬರಲಿಲ್ಲ; ಹೊರಗಿನ ಅವನ ಮಾಯೆಯೆಲ್ಲ ಮುರಿಯಿತು. ಕಪ್ಪೆಗಳು ಮತ್ತೆ ಸೈನಿಕರಾಗಿ ಗುಹೆಯಿಂದ ಕಾಳಿನ ಮೂಟೆ ಹೊತ್ತು ತಂದು ಮನೆಮನೆಗೆ ಹಂಚಿದರು. ಅರಮನೆಯಲ್ಲಿ ರಾಜ ಮಲ್ಲಾಜಿಯನ್ನು ಕಂಡು "ಭಲೇ! ಭಲೇ!" ಎಂದು ಮೂರು ಗಳಿಗೆ ಹೊಗಳಿದ.

"ಭಲೇ ಅನ್ನೋದನ್ನ ಬೇಯಿಸಿದ್ರೆ ಅನ್ನ ಆಗ್ತದಾ ಮಹಾಸ್ವಾಮಿ?" ಎಂದು ಜೊತೆಗೆ ಬಂದಿದ್ದ ತಾಯಿ ಕೇಳಿಯೇಬಿಟ್ಟಳು.

ರಾಜ ನಾಚಿದ, ಆಮೇಲೆ ನಕ್ಕ. ಅಂದಿನಿಂದ ಆ ರಾಜ್ಯದಲ್ಲಿ ಎಲ್ಲರೂ ಉಂಡು ಸುಖವಾಗಿದ್ದರು. ಚಿತ್ರ ಬರೆಯಲು ಬಂದವರಿಗೆ ಮೊದಲು ಎಲೆ ಹಾಕಿ ಬಡಿಸಿ, ಆಮೇಲೆ ಗೋಡೆ ತೋರಿಸುತ್ತಿದ್ದರು.