ಗಂಡನ ಹೆಸರು ಫಕೀರವ್ವ

“ಗಂಡನ ಹೆಸರು ಹೇಳಿ,” ಎಂದು ಹನಿದರ್ಶಕ ಯಂತ್ರ ಮೂರನೆಯ ಸಲ ಕೇಳಿತು. ದನಿಯಲ್ಲಿ ಬೇಸರವಿರಲಿಲ್ಲ, ಬೇಸರಪಡುವುದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

“ಇಲ್ಲಂತ ಎಷ್ಟ್ ಸಲ ಹೇಳ್ಲಿ? ಕಿವುಡೇನ್ ನೀ?” ಚುಚ್ಚಿಸಿಕೊಂಡ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು ಫಕೀರವ್ವ ರೇಗಿದಳು. ಮೂರು ದಿನದಿಂದ ಜ್ವರ, ಕಿಬ್ಬೊಟ್ಟೆಯಲ್ಲಿ ಕಿತ್ತು ತಿನ್ನುವ ನೋವು. ಬೇಕಾದ ಔಷಧ ಗಾಜಿನಾಚೆ ಗೇಣು ದೂರದಲ್ಲಿತ್ತು.

ಹಳೇ ಗಿರಣಿ ಓಣಿಗೆ ಹನಿದರ್ಶಕ ಬಂದು ಅಂದಿಗೆ ನಾಲ್ಕನೆಯ ದಿನ. ಅದಕ್ಕೆ ಒಂದು ಹನಿ ರಕ್ತ ಸಾಕು. ಲೈಂಗಿಕ ಸಂಪರ್ಕದಿಂದ ಹರಡುವ ಹನ್ನೊಂದು ಸೋಂಕುಗಳನ್ನು ನಾಲ್ಕೇ ನಿಮಿಷದಲ್ಲಿ ಗುರುತಿಸಿ, ತಕ್ಕ ಔಷಧವನ್ನು ತನ್ನ ಖಾನೆಯಿಂದಲೇ ಕೊಡುತ್ತಿತ್ತು. ವಿಜ್ಞಾನಿ ಡಾ. ಮೇಧಾ ಇನಾಮದಾರ ಒಂಬತ್ತು ವರ್ಷ ಅದರ ಹಿಂದೆ ಬಿದ್ದದ್ದಕ್ಕೆ ಕಾರಣವಿತ್ತು. ಆ ಓಣಿಯ ಹೆಸರು ಕೇಳಿದೊಡನೆ ಆಸ್ಪತ್ರೆಯಲ್ಲಿ ಎರಡೆರಡು ಕೈಗವಸು ತೊಡುತ್ತಿದ್ದರು, ‘ನಿಮ್ಮಂಥೋರು ಕಡೀಕ ಬರ್ರಿ’ ಎಂದು ಸಾಲಿನಿಂದ ಎಬ್ಬಿಸುತ್ತಿದ್ದರು. ಯಂತ್ರಕ್ಕೆ ಮೂಗೇ ಇಲ್ಲ, ಮುರಿಯುವ ಮಾತೆಲ್ಲಿ ಬಂತು ಎಂಬುದು ಮೇಧಾ ಅವರ ಎಣಿಕೆ.

“ಆ ಪ್ರಶ್ನೆ ನಂದಲ್ಲ, ಫಕೀರವ್ವ,” ಎಂದರು ಯಂತ್ರದ ಪಕ್ಕದಲ್ಲಿ ನಿಂತಿದ್ದ ಮೇಧಾ. “ರಾಜ್ಯದ ಕುಟುಂಬಜಾಲದ್ದು. ಪ್ರತಿಯೊಬ್ಬರನ್ನೂ ಒಂದೊಂದು ಮನಿಗೆ ಜೋಡಿಸಿ ಇಡೋ ಗಣಕ ಅದು. ಒಬ್ಬರಿಗೆ ಔಷಧ ಕೊಟ್ಟು ಜೋಡಿಯವರನ್ನ ಬಿಟ್ರ ಸೋಂಕು ಮತ್ತ ಬರ್ತದ, ಅದಕ್ಕ ಗಂಡನ ಹೆಸರು ಕೇಳ್ತದ. ಆ ಜಾಗಾ ಖಾಲಿ ಬಿಟ್ರ ಔಷಧದ ಖಾನೆ ತೆರಿಯೂದಿಲ್ಲ. ಏನರ ಒಂದು ಹೆಸರು ಹೇಳಿಬಿಡ್ರಿ.”

“ಹ್ವಾದ ವಾರ ಬಂದಾಂವಂದು ಹೇಳಿಬಿಡ ಯಕ್ಕಾ,” ಎಂದು ಬಾಗಿಲಲ್ಲಿ ನಿಂತಿದ್ದ ಇಪ್ಪತ್ತಾರರ ರೇಣವ್ವ ಕಿಚಾಯಿಸಿದಳು.

“ಅಂವ ಖರೇ ಹೆಸರು ಹೇಳಿದ್ರ ಹೌದಲ್ಲ!” ಎಂದಳು ಫಕೀರವ್ವ.

ಹೊರಗೆ ಕುಳಿತವರೆಲ್ಲ ಗೊಳ್ಳೆಂದು ನಕ್ಕರು. ಫಕೀರವ್ವ ನಗಲಿಲ್ಲ. ಒಂದು ಸುಳ್ಳು ಹೆಸರಿನಿಂದ ಅವಳ ಗಂಟೇನೂ ಹೋಗುತ್ತಿರಲಿಲ್ಲ; ವೃತ್ತಿಗಾಗಿ ಅವಳೇ ನಾಲ್ಕು ಹೆಸರು ಇಟ್ಟುಕೊಂಡಿದ್ದಳು. ಆದರೆ ತನ್ನ ಮೈಯ ನೋವಿಗೆ ಔಷಧ ಬೇಕೆಂದರೆ ಇಲ್ಲದ ಗಂಡಸೊಬ್ಬನನ್ನು ಹುಟ್ಟಿಸಿಕೊಳ್ಳಬೇಕು ಎಂಬುದು ಜ್ವರಕ್ಕಿಂತ ಹೆಚ್ಚು ಸುಟ್ಟಿತು.

“ಮನಿ ಹಿಡಿದಾಕಿ ನಾನು. ಮಗಳನ್ನ ಸಾಲಿ ಕಲಿಸಿದಾಕಿ ನಾನು. ಪೊಲೀಸರ ಲಾಠಿ ತಿಂದಾಕೀನೂ ನಾನಽ. ಬರ್ಕೋ,” ಎಂದು ಯಂತ್ರದ ಕಡೆ ತಿರುಗಿದಳು. “ನನ್ನ ಗಂಡ ಫಕೀರವ್ವ.”

ಹನಿದರ್ಶಕ ಬರೆದುಕೊಂಡಿತು. “ದಾಖಲಾಯಿತು.” ಖಾನೆ ತೆರೆದು ಎರಡು ಪೊಟ್ಟಣ ಹೊರಬಂದವು. “ಎರಡನೆಯದು ನಿಮ್ಮ ಯಜಮಾನರಿಗೆ.”

“ಕೊಡ್ತೀನಿ ತಗೋ,” ಎಂದಳು ಫಕೀರವ್ವ.

ವಾರ ಕಳೆಯುವುದರೊಳಗೆ ರೇಣವ್ವ ಸೇರಿ ಓಣಿಯ ಅರುವತ್ತೊಂದು ಹೆಂಗಸರು ಗಂಡನ ಹೆಸರು ಫಕೀರವ್ವ ಎಂದು ಹೇಳಿ ಔಷಧ ಪಡೆದಿದ್ದರು. ಆ ಹೆಸರಿನವಳು ಓಣಿಯಲ್ಲಿ ಒಬ್ಬಳೇ ಇದ್ದುದರಿಂದ ಜಾಲ ಅವರೆಲ್ಲರನ್ನೂ ಅವಳ ಮನೆಗೇ ಸೇರಿಸಿತು. ಹೆಂಡತಿಯರ ಸಂಖ್ಯೆಗೆ ಅದರಲ್ಲಿ ಮಿತಿಯೇ ಇರಲಿಲ್ಲ. ನಿಯಮ ಬರೆದವರೆಲ್ಲ ಗಂಡಸರು.

ಮೇಧಾ ಗಾಬರಿಯಿಂದ ಓಡಿ ಬಂದರು. “ಇದು ಸುಳ್ಳು ದಾಖಲೆ, ಫಕೀರವ್ವ. ತಿಳಿದ್ರ ಯಂತ್ರಾನಽ ಎತ್ತಿಕೊಂಡು ಹೋಗ್ತಾರ. ಎಲ್ಲಾ ಅಳಿಸಿಬಿಡ್ತೀನಿ.”

“ಅಳಿಸ್ರಿ ಬಾಯಾರ. ಅದರ ಕೂಡ ಆ ಪ್ರಶ್ನೀನೂ ಅಳಿಸ್ರಿ.”

“ಅದು ನನ್ನ ಕೈಯಾಗ ಇಲ್ಲ.”

“ಹಂಗಾದ್ರ ಉತ್ತರಾನೂ ನಿಮ್ಮ ಕೈಯಾಗಿಲ್ಲ.”

ಮೇಧಾ ಅಳಿಸಲಿಲ್ಲ.

ಮರುತಿಂಗಳು ಒಂದು ಮಧ್ಯಾಹ್ನ ರೇಣವ್ವ ನಲ್ಲಿಯ ಬಳಿ ಕುಸಿದುಬಿದ್ದಳು. ಹನಿದರ್ಶಕ ಬರುವ ಎಷ್ಟೋ ಮುಂಚೆ ತಗುಲಿದ್ದ ಸೋಂಕೊಂದು ಅವಳ ಗರ್ಭನಾಳವನ್ನು ಕೆಡಿಸಿಹೋಗಿತ್ತು. ಬಸಿರು ಅಲ್ಲೇ ಕಟ್ಟಿ, ನಾಳ ಒಡೆದು, ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಬಾಗಿಲೂ ಕುಟುಂಬಜಾಲದ ವಶದಲ್ಲಿತ್ತು. ಹೆಣ್ಣಿನ ಗರ್ಭಕ್ಕೆ ಸಂಬಂಧಪಟ್ಟ ಯಾವ ಶಸ್ತ್ರಚಿಕಿತ್ಸೆಗೂ ಗಂಡನ ಹೆಬ್ಬೆಟ್ಟು ಬೀಳದೆ ಅದು ತೆರೆಯುತ್ತಿರಲಿಲ್ಲ.

“ನೀ ಈಕಿಗೆ ಏನಾಗಬೇಕು?” ಎಂದು ಅವಳನ್ನು ಕರೆತಂದಿದ್ದ ಫಕೀರವ್ವನನ್ನು ಗುಮಾಸ್ತ ಕೇಳಿದ.

“ಗಂಡ.”

ಸಾಲಿನಲ್ಲಿದ್ದವರು ತಿರುಗಿ ನೋಡಿದರು. “ಚಾಷ್ಟಿ ಮಾಡಬ್ಯಾಡಬೇ ಯವ್ವಾ,” ಎಂದ ಗುಮಾಸ್ತ. “ಅಲ್ಲೆ ಆಕಿ ಜೀವ ಹೊಂಟೈತಿ. ಗಂಡನ್ನ ಕರಿ.”

“ಜೀವ ಹೊಂಟದ್ದು ನನಗೂ ಕಾಣಸ್ತೈತಿ. ನಿನ್ನ ಯಂತ್ರಕ್ಕ ಕೇಳು.”

ಫಕೀರವ್ವ ಹೆಬ್ಬೆಟ್ಟು ಒತ್ತಿದಳು. ಪರದೆಯ ಮೇಲೆ ಅಕ್ಷರಗಳು ಮೂಡಿದವು: ರೇಣವ್ವ. ಗಂಡ: ಫಕೀರವ್ವ. ಸಮ್ಮತಿ ಸ್ವೀಕೃತ.

ಬಾಗಿಲು ತೆರೆಯಿತು.

ಎರಡು ತಾಸಾದ ಮೇಲೆ ನರ್ಸ್ ಹೊರಗೆ ಬಂದು ಕೂಗಿದಳು. “ರೇಣವ್ವನ ಗಂಡ ಯಾರ್ರೀ?”

ಬೆಂಚಿನ ಮೇಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಕೀರವ್ವ ಎದ್ದು ನಿಂತಳು.

ನರ್ಸ್ ಚೀಟಿ ನೋಡಿದಳು, ಅವಳನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು. “ಉಳಕೊಂಡಾರ. ಒಳಗ ಬರ್ರಿ.”

ಅವಳು ಹೆಜ್ಜೆ ಎತ್ತುವಷ್ಟರಲ್ಲಿ ಯಾರೋ ಸೆರಗು ಜಗ್ಗಿದರು. ತಾಳಿ ಕಟ್ಟಿಕೊಂಡ ಹೆಂಗಸು, ನಾಲ್ಕು ಮಕ್ಕಳ ತಾಯಿ. ಇನ್ನು ಮಕ್ಕಳು ಸಾಕೆಂದು ಆಪರೇಷನ್ನಿಗೆ ಬಂದವಳು ಗಂಡನ ಹೆಬ್ಬೆಟ್ಟಿಗಾಗಿ ಮೂರು ದಿನದಿಂದ ಅಲ್ಲೇ ಕಾಯುತ್ತಿದ್ದಳು. ಅವನು ಬರಲೊಲ್ಲ.

“ಒಮ್ಮೆ ಬರಸಿದ ಗಂಡನ ಹೆಸರನ್ನ ತಿದ್ದಸಾಕ ಬರ್ತೈತೇನಬೇ?” ಎಂದು ಅವಳು ಮೆಲ್ಲಗೆ ಕೇಳಿದಳು. “ನಾನೂ ನಿನ್ನ ಹೆಸರು ಹಾಕಸ್ತೀನಿ.”

ಫಕೀರವ್ವ ಅವಳ ಕಡೆ ತಿರುಗಿದಳು.

“ನಂದ್ಯಾಕಬೇ? ನಿಂದಽ ಹಾಕಸು.”