ಕೌದಿಯ ಆಚೆಗಿನ ಸುಳ್ಳು

“ಮುಟ್ಟಬೇಡ!” ಮಾರ್ತೆ ಸೊಸೆಯ ಕೈಯಿಂದ ಬೋಗುಣಿ ಕಿತ್ತುಕೊಂಡು, ಕಲಸಿದ ಹಿಟ್ಟನ್ನೆಲ್ಲ ಹಂದಿಗಳಿಗೆ ಸುರಿದು ಬಂದಳು. “ಕಂಡವರ ಮೈ ತಡಕಾಡಿ ಬಂದ ಕೈ. ಆ ಕೈಯ ರೊಟ್ಟಿ ನಾನು ತಿನ್ನಲ್ಲ ಕಣೇ.”

ಸೊಸೆ ಸಿಗ್ನೆ ಬರಿದಾದ ಬೋಗುಣಿ ತೊಳೆದಿಟ್ಟಳು. ನಾರ್ವೆ ಬಿಟ್ಟು ಅಮೆರಿಕದ ಡಕೋಟದ ಈ ಬಯಲಿಗೆ ಬಂದು ನೆಲೆಸಿದ ನಮ್ಮವರಿಗೆಲ್ಲ ಅವಳ ಗಂಡ ಹಾಲ್ವರ್ ಒಬ್ಬನೇ ಡಾಕ್ಟರು. ಆದರೆ ನಮ್ಮ ಹೆಂಗಸರು ಪ್ರಾಣ ಬಿಟ್ಟಾರು, ಗಂಡಸಿಗೆ ಮೈ ತೋರಿಸಲಾರರು! ಅದಕ್ಕೇ ಹಾಸಿಗೆಗೆ ಅಡ್ಡಲಾಗಿ ಕೌದಿ ಕಟ್ಟುತ್ತಿದ್ದರು. ಆಚೆ ಸಿಗ್ನೆ ಮುಟ್ಟಿ ನೋಡಿ ಹೇಳಬೇಕು. ಈಚೆ ಕುಳಿತ ಹಾಲ್ವರ್ ಅದನ್ನು ನಂಬಿ ಮದ್ದು ಕೊಡಬೇಕು. ಆ ಮನೆಯಲ್ಲಿ ಅವಳಿಗೆ ಸಿಕ್ಕ ಮರ್ಯಾದೆಯೆಂದರೆ ಗಂಡನ ಆ ನಂಬಿಕೆಯೊಂದೇ. ಅತ್ತೆಯ ಕಣ್ಣು ಕುಕ್ಕುತ್ತಿದ್ದದ್ದೂ ಅದೇ.

ಚಳಿಗಾಲದಲ್ಲಿ ಮಾರ್ತೆ ಸೊರಗಿದಳು. ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಕುಸಿದಳು. ಹೆತ್ತ ಮಗನಾದರೂ ಗಂಡಸು ಗಂಡಸೇ ಎಂದು ಹಟ ಹಿಡಿದಳು. ಕೊನೆಗೆ ಅವಳ ಹಾಸಿಗೆಗೂ ಕೌದಿ ಬಂತು. ಯಾವ ಕೈಯನ್ನು ಹೊಲಸೆಂದಿದ್ದಳೋ ಆ ಕೈಗೇ ಮೈಯೊಪ್ಪಿಸಬೇಕಾಯಿತು...

ಎಡ ಎದೆಯಲ್ಲಿ ಕಲ್ಲಿನಂಥ ಗಂಟು. ಅದೇನೆಂದು ಸಿಗ್ನೆಗೆ ಗೊತ್ತು. ಹಿಂದಿನ ವರ್ಷ ನೆರೆಮನೆಯ ಬೆರಿತ್‌ಗೂ ಹೀಗೇ ಆಗಿ, ಬೇರೆ ದಾರಿಯಿಲ್ಲದೆ ಕೌದಿ ಸರಿಸಿ ಹಾಲ್ವರ್ ಕೊಯ್ದು ತೆಗೆಯುವಾಗ ಅವಳು ಅವನ ಕೈಯಲ್ಲೇ ಸತ್ತಿದ್ದಳು. ಆಮೇಲೆ ಎಷ್ಟೋ ದಿನ ಅವನು ಚಾಕು ಮುಟ್ಟಲಿಲ್ಲ, ಅನ್ನಾಹಾರ ಬಿಟ್ಟು ಗೋಡೆ ನೋಡುತ್ತ ಕುಳಿತಿದ್ದ.

“ಏನದು, ಸಿಗ್ನೆ?” ಈಚೆಯಿಂದ ಹಾಲ್ವರ್ ಕೇಳಿದ.

ಮಾರ್ತೆ ಸೊಸೆಯ ಮಣಿಕಟ್ಟು ಹಿಡಿದು ಬಳಿಗೆಳೆದುಕೊಂಡು ಪಿಸುಗುಟ್ಟಿದಳು. “ಹೇಳಿದ್ರೆ ಕೊಯ್ತಾನೆ. ನಾನಂತೂ ಹೋಗೋಳೇ. ಅವನ ಕೈಯಲ್ಲಿ ನಾನು ಸತ್ರೆ ಅವನು ಬದುಕ್ತಾನೇನೇ? ಏನೂ ಇಲ್ಲ ಅನ್ನು.”

ನಿಜ ಹೇಳಿದರೆ ಅತ್ತೆ ಉಳಿದರೂ ಉಳಿದಾಳು, ಇಲ್ಲವೇ ತಾಯಿಯ ಜೊತೆ ಮಗನೂ ಹೋದಾನು. ಸಿಗ್ನೆ ಅತ್ತೆಯ ಎದೆಯ ಮೇಲೆ ಹೊದಿಕೆ ಎಳೆದಳು.

“ಬರೀ ಬಾವು,” ಎಂದಳು. “ಶಾಖ ಕೊಟ್ರೆ ಇಳಿಯುತ್ತೆ.”

ಹಿಮ ಕರಗುವ ಹೊತ್ತಿಗೆ ಮಾರ್ತೆ ತೀರಿಕೊಂಡಳು. ಕೊನೆಯುಸಿರಿನ ತನಕ ಸೊಸೆಯನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ. ಹೆಣಕ್ಕೆ ಸ್ನಾನ ಮಾಡಿಸಿದ ನೆರೆಯ ಇಂಗಾ, ಕಂಡದ್ದನ್ನು ಊರಿಗೆಲ್ಲ ಸಾರಿದಳು. ಹಗೆ ತೀರಿಸಿಕೊಳ್ಳಲು ಬೇಕೆಂದೇ ಮುಚ್ಚಿಟ್ಟು ಅತ್ತೆಯನ್ನು ಕೊಂದಳೆಂದು ಹೆಂಗಸರು ಸಿಗ್ನೆಯ ಮುಖಕ್ಕೇ ಆಡಿದರು.

“ಅಷ್ಟು ದೊಡ್ಡ ಗಂಟು ನಿನಗೆ ಸಿಗಲಿಲ್ವಾ?” ಹಾಲ್ವರನ ದನಿ ಒಡೆದಿತ್ತು. “ನಿನ್ನ ಮಾತು ನಂಬಿ ನಮ್ಮಮ್ಮನಿಗೆ ಶಾಖ ಕೊಟ್ಕೊಂಡು ಕೂತಿದ್ನಲ್ಲೇ...”

ನಿಜ ಹೇಳಿದ್ದರೆ ಅಪವಾದ ಕಳೆಯುತ್ತಿತ್ತು. ಆದರೆ ಹೆತ್ತವಳೇ ತನ್ನ ಚಾಕುವಿಗೆ ಅಂಜಿ ಸತ್ತಳೆಂದು ತಿಳಿದ ಮೇಲೆ ಅವನು ಮತ್ತೆ ಚಾಕು ಹಿಡಿದಾನೆಯೇ?

“ನನ್ನ ಕೈಗೆ ಗೊತ್ತಾಗಲಿಲ್ಲ.”

“ಹಾಗಾದ್ರೆ ಇನ್ನು ಮೇಲೆ ನನ್ನ ಜೊತೆ ಬರಬೇಡ.”

ಕೆಲವೇ ದಿನಗಳಲ್ಲಿ ಹೊಳೆಯಾಚೆಯಿಂದ ಕರೆ ಬಂತು. ಹೆಂಗಸೊಬ್ಬಳಿಗೆ ದೊಡ್ಡ ಕುರು, ಕೊಯ್ಯಲೇಬೇಕಂತೆ. ಹಾಲ್ವರ್ ಅರೆಗಳಿಗೆಯೂ ಹಿಂಜರಿಯದೆ ಚಾಕುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಗಾಡಿಯಲ್ಲಿ ಅವನ ಪಕ್ಕ, ಸಿಗ್ನೆಯ ಜಾಗದಲ್ಲಿ, ಇಂಗಾ ಕುಳಿತಳು. ಸಿಗ್ನೆ ಬಾಗಿಲಲ್ಲಿ ನಿಂತು ನೋಡಿದಳು. ಇಬ್ಬರಲ್ಲಿ ಯಾರೂ ತಿರುಗಿ ನೋಡಲಿಲ್ಲ.